ಚೀಲದ ಮೇಲೆ ಕೂತ ತಂಗೆವ್ವ

ಗಲಗಲಿಯ ತಂಗೆವ್ವ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ರಾಶಿ ಮುಗಿದ ಸಂಜೆ ಗೋಧಿಯ ಗುಡ್ಡೆಗೆ ಬೂದಿಯ ಗೆರೆ ಎಳೆದು, ಮೇಲೆ ಅಂಗೈ ಒತ್ತಿ ಗುರುತು ಮಾಡುತ್ತಿದ್ದಳು. ಬೆಳಿಗ್ಗೆ ಮುಖ ತೊಳೆಯುವ ಮೊದಲು ಆ ಗುರುತು ನೋಡಬೇಕು. ‘ತಂಗೆವ್ವ ತನ್ನ ನೆರಳನ್ನೂ ತಿರುಗಿ ನೋಡತಾಳ’ ಎಂದು ಊರವರು ನಗುತ್ತಿದ್ದರು.

ಗಂಡ ಜಕ್ಕಪ್ಪ ಬದುಕಿದ್ದಾಗ ಒಮ್ಮೆ ಅವನ ಜೊತೆ ಜಮಖಂಡಿ ಪೇಟೆಗೆ ಹೋಗಿದ್ದಳು. ದಲಾಲ ಗೂಳಪ್ಪನೂ ಕೊಳ್ಳುವವನೂ ಒಂದು ವಸ್ತ್ರದ ಕೆಳಗೆ ಕೈ ಇಟ್ಟು, ಬೆರಳು ಹಿಚುಕಿ ಹಿಚುಕಿ ದರ ಮುಗಿಸಿದರು. ಗೋಧಿ ಬೆಳೆದ ಜಕ್ಕಪ್ಪ ಪಕ್ಕದಲ್ಲಿ ಹೊರಗಿನವನಂತೆ ನಿಂತಿದ್ದ. ಏನಾಯಿತೆಂದು ತಂಗೆವ್ವ ಕೇಳಿದ್ದಕ್ಕೆ ಗೂಳಪ್ಪ, “ಛಲೋನ ಆತು ಬಿಡವ್ವ,” ಎಂದ. ಅಂದಿನಿಂದ ‘ಛಲೋ ಆತು’ ಎಂದವರ ಕೈ ಎಲ್ಲಿದೆ ಎಂದು ಮೊದಲು ನೋಡುವುದು ಅವಳಿಗೆ ರೂಢಿಯಾಯಿತು.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದು ಕೆಲವು ವರ್ಷಗಳಾಗಿದ್ದವು. ರೈತರದೇ ಮಾರಾಟ ಸಂಘವೊಂದು ಹುಟ್ಟಿತು. ಅದರ ಕಾರ್ಯದರ್ಶಿ ಹೊಳಬಸಪ್ಪ ಒಂದು ದಿನ ಅವಳ ಮೈದುನ ಧರೆಪ್ಪನನ್ನು ಮುಂದಿಟ್ಟುಕೊಂಡು ಮನೆಗೆ ಬಂದ.

“ನಮ್ಮ ಜವೆಗೋಧಿ ಅಂದ್ರ ಪುಣೆದವರು ಬಾಯಿ ಬಿಡ್ತಾರ್ರಿ ಅವ್ವಾರ. ಎಲ್ಲಾರದೂ ಒಂದ ಕಡೆ ಕೂಡಿಸಿ, ಎಲ್ಲಾರ ಮುಂದ ಕೂಗಿ ಲಿಲಾವು ಮಾಡತೇವಿ. ವಸ್ತ್ರದ ಆಟ ಇಲ್ಲ.”

“ಅದ್ರಾಗ ನಿಮಗೇನ ಸಿಗತೈತ್ರಿ?”

ಹೊಳಬಸಪ್ಪ ನಕ್ಕ. ಆ ನಗು ಅವಳಿಗೆ ಸರಿಬರಲಿಲ್ಲ.

“ನಾನೂ ಸಂಘಕ್ಕ ಸೇರೇನಿ ವೈನಿ,” ಎಂದ ಧರೆಪ್ಪ.

“ಅದಕ್ಕ ಇನ್ನಷ್ಟು ಅಂಜಿಕಿ ಬರತೈತಿ.”

ಆದರೂ ಗೂಳಪ್ಪನ ವಸ್ತ್ರ ನೆನಪಾಗಿ ಕೊನೆಗೆ ಒಪ್ಪಿದಳು. “ಕೊಡತೇನಿ. ಆದ್ರ ಮಾರೂತನಕ ನನ್ನ ಚೀಲ ಬಿಟ್ಟು ನಾ ಏಳಂಗಿಲ್ಲ.”

ಹೇಳಿದಂತೆಯೇ ಮಾಡಿದಳು. ಕುಟ್ಟಿ ಸಿಪ್ಪೆ ಬಿಡಿಸಿದ ಕೆಂಪು ಜವೆಗೋಧಿಯನ್ನು ಬಂಡಿಯಲ್ಲಿ ಹೇರಿಕೊಂಡು ಜಮಖಂಡಿಗೆ ಬಂದವಳು, ಸಂಘದವರು ಮಾಲು ಕೂಡಿಡುವ ಕೋಠಿಯಲ್ಲಿ ತನ್ನ ಚೀಲಗಳ ಮೇಲೆಯೇ ಬುತ್ತಿ ಬಿಚ್ಚಿ ರೊಟ್ಟಿ ತಿಂದಳು. ಅಲ್ಲಿಂದ ಪೇಟೆ ಬೀದಿ ಕಾಣುತ್ತಿತ್ತು. ಎದುರಿನ ಗೂಳಪ್ಪನ ಅಂಗಡಿಯಲ್ಲಿ ಧರೆಪ್ಪ ಚಹಾ ಕುಡಿಯುತ್ತ ಕೂತಿದ್ದ. ಗೂಳಪ್ಪ ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದ, ಧರೆಪ್ಪ ತಲೆಯಾಡಿಸಿದ. ತಂಗೆವ್ವ ಉಳಿದ ರೊಟ್ಟಿ ಕಟ್ಟಿಟ್ಟು, ತನ್ನ ಚೀಲಗಳ ಹೊಲಿಗೆಯನ್ನು ಮತ್ತೊಮ್ಮೆ ತಡವಿ ನೋಡಿದಳು.

ಲಿಲಾವಿನ ಹೊತ್ತಿಗೆ ಪುಣೆಯ ವ್ಯಾಪಾರಿ ತುಕಾರಾಮ ಬಂದ. ಒಂದು ಚೀಲಕ್ಕೆ ಕೈ ಹಾಕಿ ತೆಗೆದವನು ಅಂಗೈ ಎಲ್ಲರಿಗೂ ತೋರಿಸಿದ. ಉದ್ದನೆಯ ಕೆಂಪು ಕಾಳಿನ ನಡುವೆ ಗಿಡ್ಡನೆಯ ಬಿಳಿ ಗೋಧಿ.

“ಬೆರಕಿ ಮಾಲು ನನಗ ಬ್ಯಾಡ್ರಿ,” ಎಂದು ಪೇಟ ಸರಿಮಾಡಿಕೊಂಡು ಬಾಗಿಲಿನತ್ತ ಹೊರಟ.

“ಇವನ ಮಾಡ್ಯಾನ!” ತಂಗೆವ್ವ ಧರೆಪ್ಪನತ್ತ ಕೈ ಮಾಡಿದಳು. “ಗೂಳಪ್ಪನ ಚಹಾ ಕುಡದು ನಮ್ಮನ್ನ ಮಾರ್ಯಾನ!”

ಧರೆಪ್ಪನ ಮುಖ ಕಪ್ಪಿಟ್ಟಿತು. “ವೈನಿ, ಬೀರಪ್ಪನ ಭಂಡಾರ ಮುಟ್ಟಿ ಹೇಳತೇನಿ...”

“ದೇವರನ್ಯಾಕ ನಡುವ ತರತಿ?”

ಹೊಳಬಸಪ್ಪ ತುಕಾರಾಮನನ್ನು ಬಾಗಿಲಲ್ಲೇ ತಡೆದು ಒಂದೊಂದೇ ಚೀಲ ಬಿಚ್ಚಿಸಿದ. ಬಿಳಿ ಗೋಧಿ ಸಿಕ್ಕಿದ್ದು ಮುರಗೆಪ್ಪನ ಚೀಲಗಳಲ್ಲಿ ಮಾತ್ರ. ಸಂಘ ಕಟ್ಟಬೇಕೆಂದು ಎಲ್ಲರಿಗಿಂತ ಜೋರಾಗಿ ಭಾಷಣ ಮಾಡಿದ ದೊಡ್ಡ ಹಿಡುವಳಿದಾರ ಅವನು. “ಚೀಲ ತುಂಬಲಿಲ್ಲಂತ ಆಳುಗಳು ಮನ್ಯಾಗಿನ ಬಿಳಿ ಗೋಧಿ ಹಾಕಿರಬೇಕ,” ಎಂದು ಗೊಣಗಿದ.

ಗೂಳಪ್ಪ ಮಂದಿಯ ನಡುವಿನಿಂದ ಬಾಯಿಬಿಟ್ಟ. “ಧರೆಪ್ಪ ನನ್ನ ಅಂಗಡಿಗಿ ಬಂದದ್ದು, ‘ನೀನೂ ಬಂದು ಲಿಲಾವಿನ್ಯಾಗ ಕೂಗು, ದರ ಏರತೈತಿ’ ಅಂತ ಹೇಳಾಕ. ಬಂದೇನಿ, ನೋಡ್ರಿ.”

ತಂಗೆವ್ವ ಎದ್ದವಳೇ ತನ್ನ ಬಿಚ್ಚಿದ ಚೀಲಗಳನ್ನು ಎಳೆದು, ಗೋಧಿಯನ್ನೆಲ್ಲ ಹಾಸಿದ ತಟ್ಟಿನ ಮೇಲೆ ಸುರಿದಳು. “ಸಾಹುಕಾರ್ರ, ಇದನ್ನ ನೋಡಿ ಹೋಗ್ರಿ.” ಅವಳನ್ನು ನೋಡಿ ಉಳಿದವರೂ ಸುರಿದರು. ತುಕಾರಾಮ ಬಾಗಿಲಿನಿಂದ ಹಿಂದಿರುಗಿ, ಗುಡ್ಡೆಯ ಬುಡದಿಂದ ಹಿಡಿ ತೆಗೆದು, ಕಾಳು ಕಡಿದು ನೋಡಿದ. ಮುರಗೆಪ್ಪನ ಚೀಲ ಹೊರಗಿಟ್ಟು ಲಿಲಾವು ನಡೆಯಿತು. ಗೂಳಪ್ಪ ಕೂಗಿದ, ತುಕಾರಾಮ ಅದಕ್ಕಿಂತ ಮೇಲೆ ಕೂಗಿದ. ತಾನು ಬೆಳೆದ ಗೋಧಿಯ ದರವನ್ನು ತಂಗೆವ್ವ ಮೊದಲ ಸಲ ಸ್ವಂತ ಕಿವಿಯಿಂದ ಕೇಳಿದಳು. ಕಣ್ಣು ಒದ್ದೆಯಾಯಿತು. ಸೆರಗಿನಿಂದ ಒರೆಸಿಕೊಂಡು, ಕೂಗುವವರ ಕೈಗಳತ್ತ ಮತ್ತೊಮ್ಮೆ ನೋಡಿದಳು. ಎಲ್ಲರ ಕೈಗಳೂ ಬಯಲಲ್ಲೇ ಇದ್ದವು.

ಧರೆಪ್ಪ ಆ ವರ್ಷವಿಡೀ ಅವಳ ಮನೆಯಲ್ಲಿ ನೀರು ಸಹ ಮುಟ್ಟಲಿಲ್ಲ. ‘ತಪ್ಪಾತು’ ಎನ್ನುವುದು ಅವಳ ನಾಲಿಗೆಗೆ ಬರುವ ಮಾತಲ್ಲ. ಹಬ್ಬಕ್ಕೆ ಗೋಧಿ ಹುಗ್ಗಿ ಮಾಡಿ ತಾನೇ ಒಯ್ದು ಕೊಟ್ಟಳು. ಪಾತ್ರೆ ಖಾಲಿಯಾಗಿ ಬಂತು, ಮಾತು ಬರಲಿಲ್ಲ.

ಮುಂದಿನ ಸುಗ್ಗಿಗೆ ಹೊಳಬಸಪ್ಪ ಅವಳಿಗೊಂದು ಕೆಲಸ ಹೇಳಿದ. ಕೋಠಿಗೆ ಬರುವ ಪ್ರತಿ ಚೀಲವನ್ನೂ ಅವಳು ನೋಡಿಯೇ ಒಳಗೆ ಬಿಡಬೇಕು. “ನಂಬಾವ್ರು ಸಂಘದಾಗ ಭಾಳ ಮಂದಿ ಅದಾರ್ರಿ. ನಂಬದವ್ರು ಒಬ್ಬರರ ಬೇಕು,” ಎಂದ. ಇದರಲ್ಲೂ ಏನೋ ಹುಳುಕಿರಬೇಕೆಂದು ಎರಡು ದಿನ ಯೋಚಿಸಿ, ನಂತರ ಬಂದು ಬಾಗಿಲಲ್ಲಿ ಕೂತಳು. ಮುರಗೆಪ್ಪನ ಚೀಲಗಳನ್ನು ಬುಡಮೇಲು ಮಾಡಿಸಿದಳು. ಅವುಗಳ ಹಿಂದೆಯೇ ಧರೆಪ್ಪನ ಬಂಡಿ ಬಂತು. ಅವನ ಚೀಲಕ್ಕೂ ಮೊಣಕೈತನಕ ಕೈ ಇಳಿಸಿದಳು.

“ಈಗರ ನಂಬಿದಿ ಏನ ವೈನಿ?” ವರ್ಷದ ಮೇಲೆ ಧರೆಪ್ಪ ಬಾಯಿ ಬಿಟ್ಟ.

ತಂಗೆವ್ವ ಹಿಡಿಯ ಕಾಳನ್ನು ಬೆಳಕಿಗೆ ಹಿಡಿದು ನೋಡಿದಳು. “ಈ ಚೀಲ ನಂಬೇನಿ. ಹಿಂದಿಂದು ಬಿಚ್ಚು.”

ಧರೆಪ್ಪ ನಕ್ಕು ಬಿಚ್ಚತೊಡಗಿದ.