ಬೀಳದೆ ಮುರಿದ ಮೂಳೆ

ಮೊನ್ನೆ ಮಧ್ಯಾಹ್ನ ನಮ್ಮ ಹೆಲ್ತ್ ಸೆಂಟರಿನ ನರ್ಸಮ್ಮ ಊಟದ ಡಬ್ಬಿ ತೆಗೆದರು. ಒಳಗೆ ಮಂಗರವಳ್ಳಿ ಚಟ್ನಿ. ತೆಲುಗಿನವರು ನಲ್ಲೇರು ಅಂತಾರಲ್ಲ, ಅದೇ ಬಳ್ಳಿ. ಹಸಿಯಾಗಿ ಮುಟ್ಟಿದರೆ ಕೈಯೆಲ್ಲ ನವೆ. ಹುರಿದು ಹುಣಸೆಹಣ್ಣು ಹಾಕಿ ರುಬ್ಬಿದರೆ ಒಂಥರಾ ಘಾಟು. "ಮೂಳೆಗೆ ಒಳ್ಳೇದು ಸಾರ್, ತಗೊಳ್ಳಿ" ಅಂದರು. ತಗೊಂಡೆ. ಬಾಯಿಗಿಡೋಕೆ ಆಗಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಗುಡಿಬಂಡೆ ಕಡೆಯ ಕಟ್ಟಿನ ಅಜ್ಜಿ ಎದುರಿಗೆ ಬಂದು ಕೂತಂಗಾಯಿತು...

ನಾನು ಮಡಕಶಿರಾದಲ್ಲಿ ಎಕ್ಸ್‌ರೇ ತೆಗೆಯುವವನು. ಜನರ ಒಳಗನ್ನೇ ನೋಡಿ ನೋಡಿ, ಹೊರಗಿನ ಮುಖ ನೆನಪಿರೋದು ಕಮ್ಮಿ. ಅಜ್ಜಿಯದು ಮಾತ್ರ ಮರೆಯೋ ಮುಖವಲ್ಲ. ಮುರಿದ ಮೂಳೆಗೆ ಕಟ್ಟು ಕಟ್ಟುವುದರಲ್ಲಿ ಆಕೆಯದು ಎತ್ತಿದ ಕೈ. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಅರೆದ ಮಂಗರವಳ್ಳಿ, ಮೇಲೆ ಬಿದಿರಿನ ದಬ್ಬೆ. ನಮ್ಮ ಜನರ ದಾರಿಯೇ ಹಾಗೆ. ಮೊದಲು ನನ್ನ ಹತ್ತಿರ ಪಟ ತೆಗೆಸೋದು, ಆಮೇಲೆ ಡಾಕ್ಟರ ರೂಮಿನ ಮುಂದೆಯೇ ಹಾದುಹೋಗಿ ಆಟೋ ಹತ್ತಿ ಅಜ್ಜಿ ಹತ್ತಿರ ಹೋಗೋದು. ಡಾಕ್ಟರಿಗೆ ಉರಿಯುತ್ತಿತ್ತು. ನನಗೂ ಉರಿಯಬೇಕಿತ್ತು, ಉರಿಯಲಿಲ್ಲ. ಆಕೆ ಪಟವನ್ನ ಬಿಸಿಲಿಗೆ ಹಿಡಿದು ನೋಡೋಳು, ಎಷ್ಟೋ ಸಲ ತಲೆಕೆಳಗಾಗಿ. ನಿಜವಾಗಿ ನೋಡುತ್ತಿದ್ದದ್ದು ಬೆರಳಿನಿಂದ.

ಆಕೆಯದೊಂದು ಕಟ್ಟಳೆ ಇತ್ತು. ಮುಟ್ಟೋಕೆ ಮುಂಚೆ ಬಿದ್ದ ಕಥೆ ಪೂರ್ತಿ ಹೇಳಬೇಕು. ಎಲ್ಲಿ ಬಿದ್ದೆ, ಯಾವ ಮಗ್ಗುಲಿಗೆ, ಕೈ ಊರಿದೆಯಾ, ಎದ್ದಮೇಲೆ ಎಷ್ಟು ಹೆಜ್ಜೆ ಇಟ್ಟೆ... ಕುಡಿದು ಬಿದ್ದವನೂ ಹೆಂಡತಿಯ ಎದುರಿಗೇ ನಿಜ ಹೇಳಬೇಕು. ಬಿದ್ದಿಲ್ಲ, ಸುಮ್ಮನೆ ನೋವು ಅಂದವರನ್ನ ಮುಟ್ಟುತ್ತಲೇ ಇರಲಿಲ್ಲ. "ಬೀಳ್ದೆ ಬಂದ ನೋವು ನಂದಲ್ಲ ಕಣಪ್ಪ, ಡಾಕ್ಟ್ರತ್ರ ಹೋಗು" ಅಂತ ಎಬ್ಬಿಸಿ ಕಳಿಸೋಳು. ಹಾಗೆ ಆಕೆ ಕಳಿಸಿ ಬದುಕಿಕೊಂಡವರು ನಮ್ಮ ತಾಲ್ಲೂಕಿನಲ್ಲಿ ಈಗಲೂ ಇದ್ದಾರೆ.

ಆಕೆಯೇ ನನ್ನ ಹತ್ತಿರ ಪಟ ತೆಗೆಸೋ ದಿನ ಬರೋಕೆ ಐದಾರು ವರ್ಷ ಮುಂಚೆ ಆಕೆಗೆ ಎದೆಯ ಕ್ಯಾನ್ಸರ್ ಆಗಿ, ಬೆಂಗಳೂರಿನಲ್ಲಿ ಒಂದು ಸ್ತನ ತೆಗೆದಿದ್ದರು. "ತೆಗ್ದು ಬಿಸಾಕಿದ್ರು, ಮುಗೀತು" ಅನ್ನೋಳು. ವರ್ಷಗಟ್ಟಲೆ ನುಂಗಿ ಅಂತ ಕೊಟ್ಟ ಮಾತ್ರೆಯನ್ನ ಮಧ್ಯದಲ್ಲೇ ಬಿಟ್ಟಿದ್ದಳು. ಮತ್ತೆ ಹಿಪ್ಪುನೇರಳೆ ತೋಟ, ಸೊಪ್ಪಿನ ಹೊರೆ, ಬಂದವರಿಗೆ ಕಟ್ಟು. ನಾವೂ ಮುಗೀತು ಅಂತಲೇ ಅಂದುಕೊಂಡಿದ್ದೆವು.

ಒಂದು ಬೆಳಿಗ್ಗೆ ಆಕೆಯೇ ಕುಂಟುತ್ತಾ ಬಂದಳು. ಬಲತೊಡೆ ನೋವಂತೆ. ರೇಷ್ಮೆಮನೆ ಹೊಸಿಲು ಎಡವಿ ಬಿದ್ದೆ ಅಂದಳು. ನಾನು ತಮಾಷೆಗೆ ಆಕೆಯ ಪ್ರಶ್ನೆಗಳನ್ನೇ ಆಕೆಗೆ ಹಾಕಿದೆ. ಯಾವ ಮಗ್ಗುಲಿಗೆ ಬಿದ್ದೆ ಅಜ್ಜಿ? ಕೈ ಊರಿದ್ಯಾ? ಮೊದಲು ಎಡಕ್ಕೆ ಅಂದಳು, ಆಮೇಲೆ ಬಲಕ್ಕೆ. ನಾನು ನಕ್ಕೆ. ನಗಬಾರದಿತ್ತು.

ಪಟ ಬಂತು. ಸೊಂಟದ ಕೆಳಗೆ ತೊಡೆಮೂಳೆ ಹುಳ ತಿಂದ ಎಲೆಯ ಹಾಗಿತ್ತು.

"ಏನಿಲ್ಲ ತಾನೆ?" ಅಂದಳು. ಆವತ್ತು ಪಟವನ್ನ ಬಿಸಿಲಿಗೆ ಹಿಡಿಯಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರು ಊರಲ್ಲಿರಲಿಲ್ಲ. "ಏನಿಲ್ಲ ಅಜ್ಜಿ, ಸುಮ್ನೆ ಡಾಕ್ಟ್ರಿಗೊಂದ್ಸಲ ತೋರ್ಸು" ಅಂದೆ. ಪಟ ಓದಿ ಹೇಳೋದು ನನ್ನ ಕೆಲಸ ಅಲ್ಲ, ಅದು ನಿಜ. ಆ ನಿಜದ ಹಿಂದೆ ಅಡಗಿ ಕೂತೆ, ಅದೂ ನಿಜ. ಆಕೆ ಮನೆಗೆ ಹೋಗಿ ತನ್ನ ತೊಡೆಗೆ ತಾನೇ ಕಟ್ಟು ಕಟ್ಟಿಕೊಂಡಳು. ಇಪ್ಪತ್ತು ದಿನವಾಗಿತ್ತೇನೋ, ಕೂತಲ್ಲಿಂದ ಏಳುವಾಗ ಮೂಳೆ ಲಟಕ್ಕನೆ ಮುರಿಯಿತು. ಬೀಳೋದಕ್ಕೂ ಪುರಸೊತ್ತಿರಲಿಲ್ಲ.

ಬೆಂಗಳೂರಿಗೆ ಆಕೆಯ ಮಗಳ ಜೊತೆ ನಾನೂ ಹೋದೆ. ಪಾಪಪ್ರಜ್ಞೆ ಕೂರಲು ಬಿಡಲಿಲ್ಲ. ಅಲ್ಲಿನ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಇದು ಮೂಳೆಯಲ್ಲಿ ಹುಟ್ಟಿದ ಕ್ಯಾನ್ಸರ್ ಅಲ್ಲ, ಎದೆಯದೇ. ಅದರ ಕಣಗಳು ರಕ್ತದಲ್ಲಿ ಹೋಗಿ ಮೂಳೆಯಲ್ಲಿ ಕೂತು, ವರ್ಷಗಟ್ಟಲೆ ಸುಮ್ಮನಿದ್ದು ಎದ್ದಿವೆ. ನಮ್ಮ ಮೂಳೆ ದಿನಾ ಅಷ್ಟಷ್ಟು ಸವೆದು ಅಷ್ಟಷ್ಟು ಕಟ್ಟಿಕೊಳ್ಳುತ್ತಿರುತ್ತಂತೆ. ಈ ಕಣ ಸೇರಿದರೆ ಸವೆಯೋದು ಜಾಸ್ತಿ, ಕಟ್ಟಿಕೊಳ್ಳೋದು ಕಮ್ಮಿ. ತೊಡೆಯೊಳಗೆ ರಾಡು ಹಾಕಿದರು. ಆಮೇಲೆ ನೋವು ಇಳಿಯಲೆಂದು ಅದೇ ಜಾಗಕ್ಕೆ ರೇಡಿಯೇಷನ್, ನಮ್ಮವರು ಕರೆಂಟು ಕೊಡೋದು ಅಂತಾರೆ. ಎದೆಯ ಕ್ಯಾನ್ಸರಿಗೆ ಮತ್ತೆ ಮಾತ್ರೆ, ಮೂಳೆ ಇನ್ನೂ ಸವೆಯದಿರಲೆಂದು ಇಂಜೆಕ್ಷನ್. ಪೂರ್ತಿ ವಾಸಿ ಆಗಲ್ಲ, ಹಿಡಿದಿಡಬಹುದು ಅಂದರು. ನಾನು ತಡೆಯಲಾರದೆ ಕೇಳಿದೆ, ಮುಂಚೆಯೇ ಬಂದಿದ್ದರೆ? "ಮುರಿಯೋಕೆ ಮುಂಚೆ ರಾಡು ಹಾಕಿದ್ರೆ ಇಷ್ಟು ನರಳ್ತಿರ್ಲಿಲ್ಲ" ಅಂದರು. ಅವರಿಗೇನು ಗೊತ್ತು ನಾನು ಯಾರೆಂದು...

ಅಜ್ಜಿ ಇನ್ನೂ ಎರಡು ವರ್ಷ ಇದ್ದಳು. ಕೋಲು ಹಿಡಿದು ತೋಟದವರೆಗೆ ನಡೆಯೋಳು. ನೋವು ಎಷ್ಟೋ ಇಳಿದಿತ್ತು, ನಗು ವಾಪಸ್ ಬಂದಿತ್ತು. ಆದರೆ ಯಾರಿಗೂ ಕಟ್ಟು ಕಟ್ಟಲಿಲ್ಲ, ಬಂದವರನ್ನೆಲ್ಲ ಆಸ್ಪತ್ರೆಗೇ ಅಟ್ಟೋಳು. ನಾನು ಭಾನುವಾರ ಹೋಗಿ ಜಗುಲಿ ಮೇಲೆ ಕೂರುತ್ತಿದ್ದೆ. ಒಂದು ಸಲ ಧೈರ್ಯ ಮಾಡಿ ಅಂದೆ, ಆವತ್ತೇ ನಾನು ನೋಡಿದ್ದೆ ಅಜ್ಜಿ, ಸುಳ್ಳು ಹೇಳಿದೆ.

ಆಕೆ ಎಲೆಗೆ ಸುಣ್ಣ ಸವರುತ್ತಿದ್ದಳು. ತಲೆ ಎತ್ತಲಿಲ್ಲ. "ನಾನೆಲ್ಲಿ ಬಿದ್ದಿದ್ದೆ ಮಗಾ? ಬೆರಳಿಟ್ಟಾಗ್ಲೇ ನಂಗೆ ಗೊತ್ತಾಗಿತ್ತು. ನೀನಾದ್ರೂ ಏನಿಲ್ಲ ಅಂತೀಯ ಅಂತ ಬಂದೆ. ನೀನೂ ಅಂದೆ."

ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಊರವರಿಗೆಲ್ಲ ನಿಜ ಹೇಳಿಸುತ್ತಿದ್ದವಳು ತನ್ನ ವಿಷಯಕ್ಕೆ ಹೀಗಾ? ಆಮೇಲೆ ಅಲ್ಲೇ ಕೂತು ಅತ್ತುಬಿಟ್ಟೆ. ಆಕೆ ಎಲೆ ಮಡಿಸಿ ನನ್ನ ಕೈಗೆ ಕೊಟ್ಟಳು.

ಹೋದ ವರ್ಷ ಆಕೆ ತೀರಿಕೊಂಡಳು. ಈಗ ಯಾರೇ "ಏನಿಲ್ಲ ತಾನೆ ಸಾರ್?" ಅಂದರೂ ನಾನು ಏನಿಲ್ಲ ಅನ್ನೋದಿಲ್ಲ. ಅನುಮಾನ ಬಂದರೆ ಪಟ ಹಿಡಿದುಕೊಂಡು ಡಾಕ್ಟರ ಮೇಜಿನವರೆಗೆ ನಾನೇ ಹೋಗುತ್ತೇನೆ, ಹಿಂದೆ ಅವರು. ಕೆಲವರು ಹೆದರುತ್ತಾರೆ, ಕೆಲವರು ಬೈಯುತ್ತಾರೆ. ಬೈಯಲಿ. ನನ್ನ ಹೆಂಡತಿ ಅನ್ನುತ್ತಾಳೆ, ಅಜ್ಜಿಯೇ ತಪ್ಪು ಒಪ್ಪಿಕೊಂಡಳಲ್ಲ, ಇನ್ನೂ ಯಾಕೆ ಕೊರಗುತ್ತೀರಿ ಅಂತ. ಸುಳ್ಳು ಕೇಳಿಸಿಕೊಳ್ಳೋಕೆ ಆಕೆ ಬಂದಿದ್ದಳು, ಸರಿ. ಹೇಳಿದವನು ನಾನು.