ನಮ್ಮತ್ತೆಯ ಬಿಸಿಲು

ಈಚೆಗೆ ಮೋಡ ಕಂಡರೆ ನನಗೆ ಸಿಟ್ಟು ಬರುತ್ತದೆ. ಮದ್ದೂರಿನಲ್ಲಿ ಮನೆ ಇಟ್ಟುಕೊಂಡು, ಬಂಧುಬಳಗದವರೆಲ್ಲ ಭತ್ತ, ಕಬ್ಬು ಬೆಳೆಯುತ್ತಿರುವಾಗ ಇಂಥ ಮಾತನ್ನು ಬಾಯಿಬಿಟ್ಟು ಹೇಳಬಾರದು, ಗೊತ್ತು. ಹೊಳಲಿನಲ್ಲಿರುವ ನನ್ನ ತಮ್ಮನ ಮುಂದೆ ಒಮ್ಮೆ ಹೇಳಿ ಬೈಸಿಕೊಂಡದ್ದೂ ಆಗಿದೆ. “ಮಳೆ ಬ್ಯಾಡ ಅಂತೀಯಲ್ಲಕ್ಕ, ಅನ್ನ ತಿನ್ನಕಿಲ್ವಾ ನೀನು?” ಎಂದು ಕೇಳಿದ. ತಿನ್ನುತ್ತೇನೆ. ಆದರೆ ತಾರಸಿಯ ಮೇಲೆ ಸೋಲಾರ್ ಹಾಕಿಸಿಕೊಂಡವರ ಮನಸ್ಸೇ ಬೇರೆ. ನನ್ನ ಫೋನಿನಲ್ಲಿ ಒಂದು ಆ್ಯಪ್ ಇದೆ. ಈ ಗಳಿಗೆಯಲ್ಲಿ ಎಷ್ಟು ಕರೆಂಟು ಹುಟ್ಟುತ್ತಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ಬೆಳಿಗ್ಗೆ ಏರಿ, ಮಧ್ಯಾಹ್ನ ಬೆಟ್ಟವಾಗಿ, ಸಂಜೆ ಇಳಿಯುವ ಆ ಗೆರೆಯನ್ನು ಸ್ಟಾಫ್ ರೂಮಿನಲ್ಲಿ ಕೂತು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಮಗಳಿಗೆ ಜ್ವರ ಬಂದಾಗಲೂ ಥರ್ಮಾಮೀಟರನ್ನು ಇಷ್ಟು ಸಲ ನೋಡಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಸೀರೆಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ಲೆಕ್ಕ ಹಾಕದೆ ಮನೆಗೆ ತರುವುದಿಲ್ಲ. ಹೋದ ವರ್ಷ ಸಂಕ್ರಾಂತಿ ಕಳೆದ ಮಾರನೆಯ ದಿನವೇ ಟೇಪು ಹಿಡಿದು ತಾರಸಿ ಹತ್ತಿದೆ. ದಕ್ಷಿಣ ಯಾವ ಕಡೆ, ಪಕ್ಕದ ಮನೆಯ ತೆಂಗಿನ ಮರದ ನೆರಳು ಎಲ್ಲಿಯವರೆಗೆ, ಸೋಲಾರ್ ಹಲಗೆ ಎಷ್ಟು ಓರೆಯಿರಬೇಕು, ಎಲ್ಲವನ್ನೂ ರಫ್ ನೋಟಿನಲ್ಲಿ ಚಿತ್ರ ಸಮೇತ ಬರೆದೆ. ಸೋಲಾರ್ ಕೂರಿಸಲು ಮಳವಳ್ಳಿಯಿಂದ ಬಂದ ಇಲ್ಯಾಸ್ ನನ್ನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, “ನನ್ ಕೆಲ್ಸ ಎಲ್ಲಾ ನೀವೇ ಮುಗ್ಸಿದ್ದೀರಲ್ಲ ಮೇಡಂ, ನಾನು ಬರೀ ಬೋಲ್ಟ್ ಬಿಗಿ ಮಾಡೋದೇಯ” ಎಂದ. ಸುಳ್ಳೇಕೆ, ನನಗೆ ಬಹಳ ಹೆಮ್ಮೆಯಾಯಿತು. ನನ್ನ ಗಂಡ “ನೀನು ನೋಡಿದ ಮೇಲೆ ಇನ್ನೇನು” ಎಂದು ಪೇಪರಿಗೆ ಮರಳಿದರು. ಎರಡೇ ದಿನದಲ್ಲಿ ಎಂಟು ಕಪ್ಪು ಹಲಗೆಗಳು ತಾರಸಿಯ ಮುಕ್ಕಾಲು ಭಾಗವನ್ನು ಹಿಡಿದು ಕೂತವು.

ಒಬ್ಬರನ್ನು ಮಾತ್ರ ನಾನು ಕೇಳಿರಲಿಲ್ಲ. ನಮ್ಮತ್ತೆ ನಿಂಗಮ್ಮನವರು ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿ, “ಇಷ್ಟಗಲ ಬೇಕಾಗಿತ್ತಾ ಸುದಾ?” ಎಂದಷ್ಟೇ ಕೇಳಿದರು. “ಬಿಸಿಲು ಹೀರ್ಕೊಂಡು ಕರೆಂಟ್ ಮಾಡ್ತವೆ ಅತ್ತೆ, ಅಗಲ ಇದ್ದಷ್ಟೂ ಒಳ್ಳೇದು” ಎಂದು ಪಾಠ ಮಾಡಿದೆ. ಅತ್ತೆ ತಲೆಯಾಡಿಸಿದರು. ತಲೆಯಾಡಿಸಿದವರಿಗೆಲ್ಲ ಪಾಠ ಅರ್ಥವಾಗಿರುವುದಿಲ್ಲ ಎನ್ನುವುದು ತರಗತಿಯಲ್ಲಿ ಇಪ್ಪತ್ತು ವರ್ಷದಿಂದ ಗೊತ್ತಿರುವ ನನಗೆ ಮನೆಯಲ್ಲಿ ಹೊಳೆಯಲಿಲ್ಲ.

ನಮ್ಮ ಬೀದಿಯಲ್ಲಿ ಒಂದು ಪದ್ಧತಿಯಿದೆ. ಶಿವರಾತ್ರಿ ಕಳೆದು ಬಿಸಿಲು ಬಲಿತರೆ ಎಲ್ಲರೂ ಸಂಡಿಗೆ ಹಾಕುವುದು ನಮ್ಮ ತಾರಸಿಯ ಮೇಲೆ. ಉಳಿದ ಮನೆಗಳ ಮೇಲೆ ತೆಂಗಿನ ನೆರಳು, ನಮ್ಮದರ ಮೇಲೆ ದಿನವಿಡೀ ಬಿಸಿಲು. ಏಳೆಂಟು ಮನೆಯ ಹೆಂಗಸರು ಅವರವರ ಹಿಟ್ಟಿನ ಪಾತ್ರೆ, ಹಳೆಯ ಪಂಚೆ, ಚಕ್ಕುಲಿ ಒರಳು ಹಿಡಿದು ಬರುತ್ತಾರೆ. ಯಾರ ಹಿಟ್ಟಿಗೆ ಉಪ್ಪು ಸಾಲದು, ಯಾರದು ಇನ್ನೊಂದು ಕುದಿ ಬೇಯಬೇಕಿತ್ತು ಎಂದು ತೀರ್ಪು ಕೊಡುವವರು ನಮ್ಮತ್ತೆ. ಅವರ ನಾಲಿಗೆಗೆ ಎದುರು ಹೇಳಿದವರಿಲ್ಲ. ಮನೆಯೊಳಗಿನ ಯಜಮಾನಿಕೆಯನ್ನೆಲ್ಲ ಒಂದೊಂದಾಗಿ ನನ್ನ ಕೈಗೆ ಕೊಟ್ಟ ಅವರಿಗೆ ಉಳಿದಿದ್ದ ರಾಜ್ಯ ಆ ತಾರಸಿಯೊಂದೇ.

ನಮ್ಮವರು ಬಿಸಿಲನ್ನು ಬರೀ ಬಿಸಿಲು ಎಂದು ಬಿಟ್ಟವರಲ್ಲ. ಎಳೆಬಿಸಿಲು, ಸುಡುಬಿಸಿಲು, ಇಳಿಬಿಸಿಲು ಎಂದು ಬೇರೆ ಬೇರೆ ಹೆಸರಿಟ್ಟವರು. ಹಳಬರು ‘ಹೊತ್ತು ಮಾರುದ್ದ ಏರಿತು’ ಎಂದು ಕೈಚಾಚಿ ಸೂರ್ಯನನ್ನೇ ಅಳೆದುಬಿಡುತ್ತಿದ್ದರು. ನಮ್ಮತ್ತೆಯ ಶಾಸ್ತ್ರದಲ್ಲಿ ಕೂಸಿಗೆ ಎಳೆಬಿಸಿಲು, ಸಂಡಿಗೆಗೆ ಸುಡುಬಿಸಿಲು, ಮಜ್ಜಿಗೆ ಮೆಣಸಿನಕಾಯಿಗೆ ನಾಲ್ಕು ಹಗಲಿನ ಬಿಸಿಲು. ಕಿಲೋವ್ಯಾಟ್ ಎಂಬ ಒಂದೇ ಅಳತೆ ಹಿಡಿದು ಹೊರಟ ನನಗೆ ಇದೊಂದೂ ನೆನಪಾಗಲಿಲ್ಲ.

ಶಿವರಾತ್ರಿ ಕಳೆದು ವಾರವಾಗಿತ್ತು. ಬೆಳಿಗ್ಗೆ ಹನ್ನೊಂದು ಗಂಟೆ. ಸ್ಟಾಫ್ ರೂಮಿನ ಕಿಟಕಿಯಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಫೋನಿನಲ್ಲಿ ನನ್ನ ಬೆಟ್ಟ ಅರ್ಧಕ್ಕೇ ಕುಸಿದು ನೆಲ ಕಚ್ಚಿತ್ತು. ಇಲ್ಯಾಸ್‌ಗೆ ಫೋನ್ ಮಾಡಿದೆ. ನಿಡಘಟ್ಟದಲ್ಲಿ ಯಾರದೋ ಮನೆಯ ಮೇಲಿದ್ದವನು “ವೈರ್ ಏನಾರ ಬಿಟ್ಕೊಂಡಿರ್ಬೇಕು ಮೇಡಂ, ಬಂದೆ” ಎಂದ. ನಾನೂ ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಓಡಿದೆ. ಇಬ್ಬರೂ ಒಟ್ಟಿಗೇ ಮೆಟ್ಟಿಲು ಹತ್ತಿದೆವು.

ಎಂಟೂ ಹಲಗೆಗಳ ಮೇಲೆ ಒದ್ದೆ ಪಂಚೆ ಹಾಸಿತ್ತು. ಪಂಚೆಯ ಮೇಲೆ ಸಾಲುಸಾಲಾಗಿ ಸಂಡಿಗೆ. ನಟ್ಟನಡುವೆ, ಕಾಗೆ ಹೆದರಲಿ ಎಂದು, ಮಾವನವರ ಕಪ್ಪು ಕೊಡೆಯನ್ನು ಬಿಚ್ಚಿ ಹಲಗೆಯ ಚೌಕಟ್ಟಿಗೆ ಕಟ್ಟಿದ್ದರು. ಬೀದಿಯ ಹೆಂಗಸರೆಲ್ಲ ಸುತ್ತ ನಿಂತಿದ್ದರು, ಅತ್ತೆ ಒರಳು ಒತ್ತುತ್ತಿದ್ದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

“ಬಾ ಸುದಾ, ಬ್ಯಾಗ ಬಂದ್ಬುಟ್ಯಲ್ಲ!” ಎಂದರು. “ಒಳ್ಳೆ ಕೆಲ್ಸ ಮಾಡ್ದೆ ಕಣವ್ವ. ತಗಡು ರೊಟ್ಟಿ ಅಂಚಿನಂಗೆ ಕಾದದೆ, ನೀರೆಲ್ಲ ಜಾರೋಯ್ತದೆ, ಬಗ್ಗಂಗೂ ಇಲ್ಲ. ನನ್ ಮಂಡಿನೋವು ನೋಡ್ಲಾರ್ದೆ ನನ್ ಸೊಸೆ ಮಾಡ್ಸವ್ಳೆ ಅಂತ ಜಯಮ್ಮಂಗೂ ಯೋಳ್ದೆ.”

ಪಕ್ಕದ ಮನೆಯ ಜಯಮ್ಮನವರು ನನ್ನತ್ತ ಮೆಚ್ಚುಗೆಯಿಂದ ನೋಡಿದರು. ಇಲ್ಯಾಸ್ ನಗು ತಡೆದುಕೊಂಡು ಮೆತ್ತಗೆ ಹೇಳಿದ: “ಅಜ್ಜಿ, ಇದುಕ್ಕೂ ಬಿಸ್ಲು ತಾಕ್ಬೇಕು. ಮೇಲೆ ಬಟ್ಟೆ ಹಾಸುದ್ರೆ ಕರೆಂಟ್ ಬರಕಿಲ್ಲ.”

ಅತ್ತೆ ಒರಳು ಕೆಳಗಿಟ್ಟರು. ಹಲಗೆಗಳನ್ನೊಮ್ಮೆ, ನೀರಿನ ಟ್ಯಾಂಕಿನ ನೆರಳು ಬಿದ್ದ ಉಳಿದ ಕಾಲು ಭಾಗವನ್ನೊಮ್ಮೆ ನೋಡಿದರು. ಆಮೇಲೆ ತಾವೇ ಮೊದಲ ಪಂಚೆಯ ತುದಿ ಹಿಡಿದರು. “ಎತ್ಕಳ್ರವ್ವ. ಇನ್ಮ್ಯಾಕೆ ನಿಮ್ ನಿಮ್ ಮನೆ ತಾವೇ ಆಕ್ಕಳಿ. ಇಲ್ಲಿ ಬಿಸ್ಲಿಲ್ಲ.”

ನೆತ್ತಿ ಸುಡುವ ಬಿಸಿಲಿನಲ್ಲಿ ನಿಂತು ಅವರಾಡಿದ ಆ ಮಾತು ಕೇಳಿ ನನಗೆ ತುಂಬ ಸಂಕಟವಾಯಿತು. ಬೈದಿದ್ದರೆ ಎರಡು ಮಾತು ಎದುರಾಡಿ ಗೆಲ್ಲುತ್ತಿದ್ದೆ. ಅವರು ಬೈಯಲಿಲ್ಲ. ಹೆಂಗಸರು ಅರೆಬರೆ ಒಣಗಿದ ಸಂಡಿಗೆ ಹೊತ್ತು ಒಬ್ಬೊಬ್ಬರಾಗಿ ಇಳಿದುಹೋದರು. ಮಧ್ಯಾಹ್ನದ ಹೊತ್ತಿಗೆ ಫೋನಿನ ಗೆರೆ ಮತ್ತೆ ಏರಿದ್ದಿರಬೇಕು, ನಾನು ನೋಡಲಿಲ್ಲ. ಅತ್ತೆ ಆಮೇಲೆ ನಾಲ್ಕು ದಿನ ಮೇಲಕ್ಕೇ ಹತ್ತಲಿಲ್ಲ.

ತಪ್ಪು ಲೆಕ್ಕವನ್ನು ಬೋರ್ಡಿನ ಮೇಲೆ ಹಾಗೇ ಬಿಟ್ಟು ಹೊರಡುವ ಅಭ್ಯಾಸ ನನಗಿಲ್ಲ. ಭಾನುವಾರ ಇಲ್ಯಾಸ್‌ನನ್ನು ಕರೆಸಿ, ಅತ್ತೆಯ ಕೈ ಹಿಡಿದು ಮೇಲೆ ಕರೆದುಕೊಂಡು ಹೋದೆ. “ನಿಮಗೆ ಎಲ್ಲಿ ಬಿಸಿಲು ಬೇಕು ತೋರ್ಸಿ ಅತ್ತೆ. ಮಿಕ್ಕಿದ್ದು ಇವಕ್ಕೆ” ಎಂದೆ. “ಬುಡವ್ವ, ಕರೆಂಟ್ಗಿಂತ ಸಂಡ್ಗೆ ಎಚ್ಚಾ?” ಎಂದು ಮುಖ ತಿರುಗಿಸಿದರು. ಆದರೆ ಇಲ್ಯಾಸ್ ಪಶ್ಚಿಮದ ಮೂಲೆಯಲ್ಲಿ ಸೀಮೆಸುಣ್ಣದಿಂದ ಹಲಗೆಗಳಿಗೆ ಗುರುತು ಹಾಕತೊಡಗಿದಾಗ ತಡೆಯಲಾಗಲಿಲ್ಲ. “ಅಲ್ಯಾಕಪ್ಪ ಆಕೀಯ? ಆಸಾಡದಲ್ಲಿ ಹೊತ್ತು ಬಡಗಲಾಗೆ ಬತ್ತದೆ. ಮೂರ್ ಗಂಟ್ಗೆಲ್ಲ ಆ ತೆಂಗಿನ ಮರದ ನೆಳ್ಳು ಅಲ್ಲಿಗೇ ಬೀಳೋದು.”

ಸಂಕ್ರಾಂತಿಯಲ್ಲಿ ಒಂದು ದಿನ ಅಳೆದ ನೆರಳನ್ನೇ ವರ್ಷದ ನೆರಳೆಂದು ತಿಳಿದಿದ್ದವಳು ನಾನು. ಅವರು ಮೂವತ್ತು ವರ್ಷ ಹುರುಳಿ, ಮೆಣಸಿನಕಾಯಿಗಳ ಚಾಪೆಯನ್ನು ಬಿಸಿಲಿನ ಹಿಂದೆ ಎಳೆದಾಡಿದವರು. ಅರ್ಧ ಗಂಟೆಯಲ್ಲಿ ತಿಂಗಳು ತಿಂಗಳಿನ ನೆರಳನ್ನೆಲ್ಲ ಕೋಲಿನ ತುದಿಯಿಂದ ತೋರಿಸಿ ಮುಗಿಸಿದರು. ಇಲ್ಯಾಸ್ ಸೀಮೆಸುಣ್ಣ ಹಿಡಿದು ಹಿಂದೆ ಹಿಂದೆ ನಡೆದ. “ಅಜ್ಜಿ, ನಾಳೆ ವೈದ್ಯನಾಥಪುರದಲ್ಲಿ ಒಂದ್ ಮನೆ ಅದೆ, ನೀವೂ ಬಂದ್ಬುಡಿ” ಎಂದ. ಅತ್ತೆ ನಕ್ಕರು.

ಆ ವಾರದಲ್ಲೇ ಹಲಗೆಗಳು ಜಾಗ ಬದಲಿಸಿದವು: ಬಡಗಲ ಅಂಚಿನಲ್ಲಿ ಎತ್ತರದ ಕಬ್ಬಿಣದ ಕಂಬಗಳ ಮೇಲೆ ಆರು ಹಲಗೆ, ಮೆಟ್ಟಿಲ ಗೂಡಿನ ಮೇಲೆ ಎರಡು. ಗೂಡಿನ ಮೇಲಿನವು ಪೂರ್ವಕ್ಕೆ ಮುಖ ಮಾಡಿವೆ, ಕೊಂಚ ಸೋಮಾರಿಗಳು. ನನ್ನ ಬೆಟ್ಟದ ನೆತ್ತಿ ಸ್ವಲ್ಪ ಚಪ್ಪಟೆಯಾಯಿತು. ಹೋದರೆ ಹೋಗಲಿ, ಈಗ ಸಂಡಿಗೆ ಬಿಸಿಲಿನಲ್ಲಿ, ಒತ್ತುವವರು ಹಲಗೆಯ ನೆರಳಿನಲ್ಲಿ. ಹೆಂಗಸರನ್ನು ಮತ್ತೆ ಕರೆಯಲು ಅತ್ತೆಗೆ ಬಿಗುಮಾನ. ನಾನೇ ಬಾಗಿಲು ಬಾಗಿಲಿಗೆ ಹೋಗಿ, “ನಮ್ಮತ್ತೆ ಕರೀತಾವ್ರೆ” ಎಂದು ಹೇಳಿ ಬಂದೆ.

ಮಾರನೆಯ ವಾರ ಎಲ್ಲರೂ ಬಂದರು. ಜಯಮ್ಮನವರ ಸೊಸೆ ಹಲಗೆಗಳನ್ನು ತಲೆಯೆತ್ತಿ ನೋಡಿ, “ನಾವೂ ಆಕ್ಸಣ ಅಂತಿದ್ದೀವಿ ಕಣಕ್ಕ. ಮೊದ್ಲು ಏನ್ ಮಾಡ್ಬೇಕು?” ಎಂದು ನನ್ನನ್ನು ಕೇಳಿದಳು. ಓರೆ, ಅಳತೆ, ಅರ್ಜಿ ಎಂದು ನಾನು ಇನ್ನೇನು ಶುರುಮಾಡಬೇಕು, ಅತ್ತೆ ಒರಳಿನಿಂದ ತಲೆಯೆತ್ತದೆಯೇ ಹೇಳಿದರು:

“ಮೊದ್ಲು ನಿಮ್ಮತ್ತೇನ ಕೇಳವ್ವ.”

ಬಾಯಿಗೆ ಬಂದಿದ್ದ ಪಾಠವನ್ನೆಲ್ಲ ನುಂಗಿಕೊಂಡು ನಾನು ಜೋರಾಗಿ ತಲೆಯಾಡಿಸಿದೆ. ಈ ಸಲ ತಲೆಯಾಡಿಸಿದವಳಿಗೆ ಪಾಠ ಪೂರ್ತಿ ಅರ್ಥವಾಗಿತ್ತು.