ಸೊನ್ನಿ ಮೂಲಿ

ಹೋದ ತಿಂಗಳು ಬಸವಕಲ್ಯಾಣದ ಒಂದು ಹಳೇ ಶಾಲೆಯ ಅಂಗಳದ ಫರ್ಸಿ ಹಾಸುಗಲ್ಲು ಕಿತ್ತು ಹೊಸದು ಹಾಕುವ ಕೆಲಸ ನನ್ನ ಕೈಗೆ ಬಂತು. ಮೊದಲ ಕಲ್ಲಿಗೆ ಕಬ್ಬಿಣದ ಹಾರಿ ಹಾಕಿ ಎತ್ತಿದ್ದೇ ತಡ, ಅಡಿಯ ಮಳಲಿನಿಂದ ತಣ್ಣನೆಯ ವಾಸನೆ ಎದ್ದಿತು. ಹಾರಿ ಹಿಡಿದ ಕೈ ಹಾಗೇ ನಿಂತುಬಿಟ್ಟಿತು... ನಾನು ಕಲಿತ ಶಾಲೆ ಅದು. ಲೆಕ್ಕ ಕಲಿಸುತ್ತಿದ್ದ ಹಿಸಾಬಿನ ಮಾಸ್ತರು ಕಣ್ಣ ಮುಂದೆ ಬಂದರು.

ನಾನು ಓದಿದ್ದು ನಾಲ್ಕನೇ ಇಯತ್ತೆವರೆಗೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಗೌಂಡಿ ಕೆಲಸದಲ್ಲಿ ನಾ ಹಾಕಿದ ಫರ್ಸಿ ಹುಮನಾಬಾದದಿಂದ ಮುಡಬಿವರೆಗೆ ನೋಡಿ ಬರ್ರಿ, ಒಂದು ಸಂದಿ ಸೊಟ್ಟ ಸಿಕ್ಕರೆ ಹೇಳ್ರಿ. ಆ ವಿದ್ಯೆಯ ಬುನಾದಿ ಬಿದ್ದದ್ದು ಇದೇ ಅಂಗಳದಲ್ಲಿ.

ನಿಜಾಮರ ರಾಜ್ಯ ಹೋಗಿ ವರ್ಷವಾಗಿತ್ತೋ ಏನೋ. ಊರಿಗೆ ಆಗ ಕಲ್ಯಾಣಿ ಎನ್ನುತ್ತಿದ್ದೆವು. ಮೂರು ವರ್ಷ ಉರ್ದುವಿನಲ್ಲಿ ಕಲಿತ ನಮಗೆ ಒಮ್ಮೆಲೇ ಕನ್ನಡ ಶುರುವಾಯಿತು. ಮಾಸ್ತರಿಗೂ ಅಷ್ಟೇ. ಮನೆಯಲ್ಲಿ ದಖನಿ ಉರ್ದು ಆಡುವ ಅವರು, ಕನ್ನಡ ಅಕ್ಷರವನ್ನು ನಮ್ಮ ಪಾಟಿ ನೋಡಿ ತಾವೂ ತಿದ್ದಿ ಕಲಿಯುತ್ತಿದ್ದರು. 'ಳ' ಬರೆಯುವಾಗ ಅವರ ನಾಲಗೆ ಹೊರಗೆ ಚಾಚಿಕೊಳ್ಳುತ್ತಿತ್ತು.

ಆದರೆ ಹಿಸಾಬಿಗೆ ಯಾವ ಭಾಷೆ! ನಮ್ಮನ್ನು ಅಂಗಳಕ್ಕೆ ಕರೆತಂದು ಗೋಡೆ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ನಾಲ್ಕು ಕಲ್ಲು ಕೂಡುವ ಯಾವುದೋ ಸಂದಿಯ ಮಳಲಿನಲ್ಲಿ ಹುಣಸಿಬೀಜ ಹುಗಿದು ಚೀಟಿ ಕೊಡುತ್ತಿದ್ದರು: ಅಡ್ಡ ನಾಲ್ಕು, ಉದ್ದ ಆರು. ಅಷ್ಟು ಕಲ್ಲು ದಾಟಿ ಒಂದೇ ಸಲ ಕೆದರಬೇಕು. ಸಿಕ್ಕರೆ ಬೀಜ ನಮ್ಮದು, ತಪ್ಪಿದರೆ ಆಟದಿಂದ ಹೊರಗೆ. ಹತ್ತು ಬೀಜ ಗೆದ್ದವನಿಗೆ ತಾನೇ ಹುಗಿಯುವ ಪಾಳಿ. ನನ್ನ ಅಂಗಿ ಕಿಸೆಯಲ್ಲಿ ಒಂಬತ್ತು ಗಲಗಲ ಅನ್ನುತ್ತಿದ್ದವು!

ಅಂಥದ್ದರಲ್ಲಿ ಶಾಲೆ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಕನ್ನಡದಲ್ಲಿ ಕಲಿಸಲು ಬಾರದ ಮಾಸ್ತರರನ್ನು ತೆಗೆಯುತ್ತಾರೆಂದು ಊರೆಲ್ಲ ಸುದ್ದಿ. ಮಾಸ್ತರು ಅಂದು ಇಸ್ತ್ರಿ ಮಾಡಿದ ಶೇರವಾನಿ ಹಾಕಿದ್ದರು. ಆಟ ನೋಡಿದ ಸಾಹೇಬರು ತಾವೇ ಬೀಜ ಹುಗಿದು ನನ್ನ ಕೈಗೆ ಚೀಟಿ ಕೊಟ್ಟರು: ಅಡ್ಡ ಮೂರು, ಉದ್ದ ಏಳು.

ಓಡಿದೆ. ಎಣಿಸಿದೆ. ಕೆದರಿದೆ. ಬರೀ ಮಳಲು.

"ಮೂರು ಎಣಿಸಾಕ ಬರಂಗಿಲ್ಲೇನಲೇ?" ಎಂದರು ಸಾಹೇಬರು. "ಇದೇನ್ರಿ ಮಾಸ್ತರ, ನೀವು ಕಲಿಸಿದ್ದು?"

ನನಗೆ ತಡೆಯಲಿಲ್ಲ. "ನಾ ಬರೋಬರಿ ಎಣಿಸೀನ್ರಿ. ನೀವ ತಪ್ಪು ಹುಗದೀರಿ!"

ಮಾಸ್ತರ ಮುಖ ಸುಣ್ಣದ ಹಾಗಾಗಿತ್ತು. ಇನ್ನೇನು ಕಪಾಳಕ್ಕೆ ಬಿತ್ತು ಅಂದುಕೊಂಡೆ. ಅವರು ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು.

"ಬೇಟಾ, ಯಾವ ಕಡಿಂದ ಎಣಿಸಿದಿ?"

"ಬಲಗಡಿಂದ್ರಿ. ನೀವ ಅಲ್ಲೇನ್ರಿ ಉರ್ದು ಅಲಿಫ್ ಬೇ ಬಲಗಡಿಂದ ಬರಿಸಿದವರು?"

ಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎದ್ದು ಸಾಹೇಬರ ಮುಂದೆ ಕೈ ಕಟ್ಟಿದರು. "ಸಾಬ್, ನೀವು ಕನ್ನಡದಾಗ ಹುಗದೀರಿ, ಈ ಹುಡುಗ ಉರ್ದುದಾಗ ಹುಡುಕ್ಯಾನ. ಇಬ್ಬರದೂ ಸರಿ. ನಾವು ದಿನಾ ಬಲಗಡಿಂದನ ಎಣಸ್ತೀವಿ; ಎಲ್ಲಿಂದ ಶುರು ಅಂತ ನಾ ಹೇಳಿದ್ದಿಲ್ಲ, ತಪ್ಪು ನಂದು."

ಸುಣ್ಣದ ತುಂಡು ತೆಗೆದು ಅಂಗಳದ ಎಡಮೂಲೆಗೆ ದೊಡ್ಡ ಸೊನ್ನೆ ಬರೆದರು. "ಇದು ಸೊನ್ನಿ ಮೂಲಿ. ಯಾರೇ ಆಗ್ಲಿ, ಮೊದಲ ಇಲ್ಲಿ ಬಂದು ನಿಂದರಬೇಕು. ಆಮ್ಯಾಗ ಎಣಿಕಿ."

ಸಾಹೇಬರು ಸೊನ್ನೆ ನೋಡಿದರು, ನನ್ನನ್ನು ನೋಡಿದರು. "ತಿರುಗಿ ನಿಂದರು, ಇನ್ನೊಂದು ಹುಗೀತೀನಿ" ಎಂದರು. ಈ ಸಲ ಒಂದೇ ಕೆದರಿಗೆ ಬೀಜ ಹೊರಗೆ! ನಾವು ಕೇಕೆ ಹಾಕಿದ್ದು ಬಜಾರಿಗೆ ಕೇಳಿಸಿರಬೇಕು. ಗಂಟೆ ಹೊಡೆಯುವವರೆಗೆ ಸಾಹೇಬರು ಪ್ಯಾಂಟಿನ ಮೊಣಕಾಲಿಗೆಲ್ಲ ಮಣ್ಣು ಮಾಡಿಕೊಂಡು ಹುಗಿದದ್ದೇ ಹುಗಿದದ್ದು. ಮಾಸ್ತರ ನೌಕರಿ ಉಳಿಯಿತು. ಮೊದಲು ಹುಗಿದ ಆ ಬೀಜ ಮಾತ್ರ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ.

ಮುಂದಿನ ವರ್ಷ ನಾನು ಅಪ್ಪನ ಜೊತೆ ಕಲ್ಲಿನ ಕೆಲಸಕ್ಕೆ ಹೋದೆ, ಮಾಸ್ತರಿಗೆ ಹುಮನಾಬಾದಕ್ಕೆ ಬದಲಿಯಾಯಿತು. ಮೊದಲ ಸಲ ಒಬ್ಬನೇ ಒಂದಿಡೀ ಪಡಸಾಲೆಗೆ ಫರ್ಸಿ ಹಾಕಿದಾಗ ಅವರನ್ನು ಕರೆದು ತೋರಿಸಬೇಕೆಂದು ಹೋದೆ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು...

ಹೋದ ತಿಂಗಳು ಉಳಿದ ಕಲ್ಲು ಕೀಳುವ ಮೊದಲು ಆ ಎಡಮೂಲೆಗೆ ಹೋಗಿ ನಿಂತೆ. ಅಡ್ಡ ಮೂರು, ಉದ್ದ ಏಳು. ಮೊಣಕಾಲೂರಿ ಕೆದರಿದೆ. ಸಾಹೇಬರ ಆ ಮೊದಲ ಬೀಜವನ್ನು ಇರುವೆ ತಿಂದವೋ, ಅದು ಮಣ್ಣಾಯಿತೋ, ಏನೂ ಸಿಗಲಿಲ್ಲ. ಎದ್ದು, ಅಂದಿನ ಹಾಗೆ ಬಲಮೂಲೆಯಿಂದಲೂ ಒಮ್ಮೆ ಎಣಿಸಿ ನೋಡಿದೆ.